ಜಾಲಿಯಲ್ಲಿ ಗುಳ್ಳೆ ಬಂದರೆ ಮೊದಲು ಚೇಂಬರ್ ನೋಡಿ: ಮನೆಯ ಒಳಚರಂಡಿ ಕೈಕೊಡುವ ಮುನ್ನವೇ ಗುರುತಿಸುವ ಕ್ರಮ

ಬಾತ್‌ರೂಮಿನಲ್ಲಿ ನೀರು ನಿಲ್ಲುತ್ತದೆ. ಅಂಗಡಿಯಿಂದ ಆಸಿಡ್ ತಂದು ಸುರಿಯುತ್ತೇವೆ. ಎರಡು ದಿನ ಸರಿ ಹೋದ ಹಾಗೆ ಕಾಣುತ್ತದೆ, ಮೂರನೇ ದಿನ ಮತ್ತೆ ಅದೇ ಕಥೆ. ಪ್ಲಂಬರ್ ಬಂದು ಜಾಲಿ ಬಿಚ್ಚಿ, ಒಂದು ಮುಷ್ಟಿ ಕೂದಲು ತೆಗೆದು, ದುಡ್ಡು ಇಸ್ಕೊಂಡು ಹೋಗುತ್ತಾರೆ. ಹತ್ತು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಕಮೋಡ್‌ನ ನೀರು ಮೇಲೇರಿ ನೆಲಕ್ಕೆ ಬರುತ್ತದೆ.

ಇಷ್ಟೆಲ್ಲ ಮಾಡಿದರೂ ಸರಿ ಹೋಗದಿರುವುದಕ್ಕೆ ಕಾರಣ ಒಂದೇ. ನೀರು ನಿಂತ ಜಾಗವೇ ಬೇರೆ, ಪೈಪು ಕಟ್ಟಿಕೊಂಡ ಜಾಗವೇ ಬೇರೆ. ನಾವು ಮಾತ್ರ ನೀರು ನಿಂತಲ್ಲೇ ಕೈ ಹಾಕುತ್ತೇವೆ. ಎಲ್ಲಿ ಕಟ್ಟಿದೆ ಎಂದು ಗೊತ್ತಾಗುವವರೆಗೆ ಯಾವ ಜಾಲಿಗೂ ಏನನ್ನೂ ಸುರಿಯಬೇಡಿ. ಈ ಬರಹದಲ್ಲಿ ನೀವು ಬೇರೇನನ್ನು ಮರೆತರೂ ಇದೊಂದನ್ನು ಇಟ್ಟುಕೊಳ್ಳಿ.

ಇಲ್ಲಿ ಹೇಳುವ ಕ್ರಮ ಬೆಂಗಳೂರಿನಂಥ ಊರುಗಳ ಸ್ವಂತ ಕಟ್ಟಡಗಳಿಗೆ, ಅಂದರೆ ನೆಲಮಹಡಿ, ಅದರ ಮೇಲೆ ಒಂದೆರಡು ಮಹಡಿ, ಗೇಟಿನ ಮುಂದೆ ಯುಜಿಡಿ (ಊರಿನ ನೆಲದಡಿಯ ಒಳಚರಂಡಿ) ಲೈನ್ ಇರುವ ಮನೆಗಳಿಗೆ ಹೊಂದುತ್ತದೆ. ಗುಂಡಿ ಅಥವಾ ಸೆಪ್ಟಿಕ್ ಟ್ಯಾಂಕ್ ಇರುವ ಮನೆಯವರಿಗೆ ಕೊನೆಯ ಹತ್ತಿರ ಒಂದು ಭಾಗ ಇದೆ.

## ಕೈಗೆ ಬೇಕಾದ ಸಾಮಾನು

ಒಳ್ಳೆಯ ಟಾರ್ಚ್, ಉದ್ದನೆಯ ರಬ್ಬರ್ ಗ್ಲೌಸ್, ಚೇಂಬರ್ (ಲೈನ್ ತೆರೆದು ನೋಡಲು ನೆಲದಲ್ಲಿ ಕಟ್ಟಿದ ತೊಟ್ಟಿ) ಮುಚ್ಚಳ ಎತ್ತಲು ಒಂದು ಹಾರೆ, ಎರಡು ಬಕೆಟ್, ಸೀಮೆಸುಣ್ಣ, ಒಂದು ನೋಟ್‌ಬುಕ್. ಜೊತೆಗೆ ಕೇಸರಿಬಾತ್‌ಗೆ ಹಾಕುವ ಬಣ್ಣದ ಒಂದು ಪೊಟ್ಟಣ. ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ ಎಂದು ಕಣ್ಣಾರೆ ಕಾಣಲು ಈ ಬಣ್ಣ ಬೇಕು. ಸಹಾಯಕ್ಕೆ ಇನ್ನೊಬ್ಬರು ಇರಲೇಬೇಕು. ಒಬ್ಬರು ಒಳಗೆ ಫ್ಲಶ್ ಮಾಡುವಾಗ ಇನ್ನೊಬ್ಬರು ಹೊರಗೆ ನೋಡಬೇಕು. ಚೇಂಬರ್ ತೆರೆಯುವ ಕೆಲಸವನ್ನಂತೂ ಒಬ್ಬರೇ ಮಾಡಲೇಬಾರದು.

ಬೆಂಕಿಕಡ್ಡಿ, ಮೇಣದ ಬತ್ತಿ, ಬೀಡಿ ಸಿಗರೇಟು ದೂರ ಇರಲಿ. ಚೇಂಬರ್‌ನಲ್ಲಿ ಮೀಥೇನ್ ಇರಬಹುದು, ಅದು ಹೊತ್ತಿಕೊಳ್ಳುವ ಗ್ಯಾಸ್.

## ಹಂತ 1: ನಿಮ್ಮ ಮನೆಯ ಲೈನ್ ಎಲ್ಲೆಲ್ಲಿ ಹೋಗಿದೆ, ಬರೆದುಕೊಳ್ಳಿ

ಹೆಚ್ಚಿನವರು ಬಿಡುವುದು ಈ ಹಂತವನ್ನೇ. ಹದಿನೈದು ನಿಮಿಷದ ಕೆಲಸ ಇದು.

ಸಾಮಾನ್ಯವಾಗಿ ಲೈನ್ ಹೀಗಿರುತ್ತದೆ. ಕಮೋಡ್‌ನ ಪೈಪು ನೇರವಾಗಿ ಚೇಂಬರ್‌ಗೆ ಬರುತ್ತದೆ. ಅಡುಗೆಮನೆಯ ಸಿಂಕ್, ಸ್ನಾನದ ಜಾಲಿ, ವಾಷಿಂಗ್ ಮಷೀನ್ ನೀರು ಬೇರೆ ಪೈಪಿನಲ್ಲಿ ಇಳಿದು, ಹೊರಗೆ ನೆಲಮಟ್ಟದಲ್ಲಿರುವ ಗಲ್ಲಿ ಟ್ರ್ಯಾಪ್ (ವಾಸನೆ ತಡೆಯಲು ಸ್ವಲ್ಪ ನೀರು ಸದಾ ನಿಲ್ಲುವ ತಿರುವು) ದಾಟಿ ಚೇಂಬರ್ ಸೇರುತ್ತದೆ. ಮನೆಯ ಪಕ್ಕದ ಓಣಿಯಲ್ಲಿ ಎರಡು ಮೂರು ಚೇಂಬರ್ ಇರುತ್ತವೆ. ಕೊನೆಯದು ಗೇಟಿನ ಹತ್ತಿರ. ಅಲ್ಲಿಂದ ಒಂದು ಪೈಪು ರಸ್ತೆಯ ಮ್ಯಾನ್‌ಹೋಲ್‌ಗೆ ಹೋಗುತ್ತದೆ.

ಗೇಟಿನ ಹತ್ತಿರದ ಚೇಂಬರ್‌ಗೆ ಸೀಮೆಸುಣ್ಣದಲ್ಲಿ 1 ಎಂದು ಬರೆಯಿರಿ. ಹಿಂದಕ್ಕೆ ಹೋಗುತ್ತಾ 2, 3 ಎಂದು ಹಾಕಿ. ಯಾವ ಬಾತ್‌ರೂಮ್ ಯಾವ ಚೇಂಬರ್‌ಗೆ ಬರುತ್ತದೆ ಎಂದು ನೋಟ್‌ಬುಕ್‌ನಲ್ಲಿ ಗೆರೆ ಎಳೆದುಕೊಳ್ಳಿ. ಗೊತ್ತಾಗದಿದ್ದರೆ ಈಗ ಬಿಡಿ. 5ನೇ ಹಂತದಲ್ಲಿ ಬಣ್ಣದ ನೀರು ಬಿಟ್ಟು ನೋಡಬಹುದು.

ಎಷ್ಟೋ ಮನೆಗಳಲ್ಲಿ ಚೇಂಬರ್ ಮೇಲೆಯೇ ಟೈಲ್ಸ್ ಹಾಕಿ ಮುಚ್ಚಿಬಿಟ್ಟಿರುತ್ತಾರೆ. ನೋಡಲು ಚೆಂದ ಅಂತ ಮಾಡಿದ ಕೆಲಸ ಅದು. ಲೈನ್ ಕಟ್ಟಿದ ದಿನ ಆ ಟೈಲ್ಸನ್ನೇ ಒಡೆಯಬೇಕಾಗುತ್ತದೆ. ನಿಮ್ಮಲ್ಲೂ ಹಾಗಿದ್ದರೆ ಗಾರೆಯವರನ್ನು ಕರೆಸಿ ಮುಚ್ಚಳ ಬಿಡಿಸಿ ಇಡಿಸಿ.

## ಹಂತ 2: ಒಂದೇ ಜಾಲಿಯೋ, ಇಡೀ ಮನೆಯೋ?

ಒಂದು ವಾರ ಗಮನಿಸಿ. ಎಲ್ಲಿ, ಯಾವಾಗ, ಯಾವ ನಲ್ಲಿ ಬಿಟ್ಟಾಗ ಎಂದು ಬರೆಯುತ್ತಾ ಹೋಗಿ.

ಒಂದೇ ಜಾಲಿ ನಿಧಾನ, ಉಳಿದವೆಲ್ಲ ಚೆನ್ನಾಗಿವೆ ಅಂದರೆ ತೊಂದರೆ ಆ ಜಾಲಿಯದೇ. ಕೂದಲು, ಸೋಪಿನ ಜಿಡ್ಡು, ಸಿಂಕ್ ಆದರೆ ತೆಂಗಿನ ನಾರು, ಅನ್ನದ ಅಗುಳು, ಟೀ ಚರಟ. ಗ್ಲೌಸ್ ಹಾಕಿ ಜಾಲಿಯ ಕೆಳಗಿನ ಟ್ರ್ಯಾಪ್ ತೆಗೆದು ತೊಳೆದರೆ ಮುಗಿಯಿತು. ಮುಂದಿನ ಹಂತಗಳು ನಿಮಗೆ ಬೇಕಿಲ್ಲ.

ಒಂದೇ ಬಾತ್‌ರೂಮಿನ ಎಲ್ಲವೂ ನಿಧಾನ ಅಂದರೆ ಆ ಬಾತ್‌ರೂಮಿನಿಂದ ಚೇಂಬರ್‌ವರೆಗಿನ ಪೈಪಿನ ಮೇಲೆ ಅನುಮಾನ ಪಡಿ.

ಆದರೆ ನೀರು ಬಿಟ್ಟಿದ್ದು ಒಂದು ಕಡೆ, ತೊಂದರೆ ಕಾಣಿಸಿದ್ದು ಇನ್ನೊಂದು ಕಡೆ ಅಂದರೆ ಅದು ಮೇನ್ ಲೈನ್. ಮೇಲಿನ ಮನೆಯವರ ವಾಷಿಂಗ್ ಮಷೀನ್ ನೀರು ಬಿಡುತ್ತದೆ, ಕೆಳಗಿನ ಬಾತ್‌ರೂಮಿನ ಜಾಲಿಯಲ್ಲಿ ಗುಳ್ಳೆ ಏಳುತ್ತದೆ. ಕಮೋಡ್ ಫ್ಲಶ್ ಮಾಡಿದರೆ ಪಕ್ಕದ ಸ್ನಾನದ ಜಾಲಿಯಲ್ಲಿ ನೀರು ಒಂದಿಂಚು ಮೇಲೆ ಬಂದು ಇಳಿಯುತ್ತದೆ. ಇವನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. ಲೈನ್ ಕಟ್ಟಿಕೊಂಡಾಗ ನೀರು ಮನೆಯ ಎಲ್ಲಕ್ಕಿಂತ ತಗ್ಗಾದ ಬಾಯಿಂದ ಹೊರಗೆ ಬರುತ್ತದೆ. ಹೆಚ್ಚಿನ ಮನೆಗಳಲ್ಲಿ ಆ ಬಾಯಿ ನೆಲಮಹಡಿಯ ಸ್ನಾನದ ಜಾಲಿ. ಹಾಗಾಗಿ ಮೇಲಿನ ಮನೆಯವರಿಗೆ ಏನೂ ಗೊತ್ತಾಗುವುದೇ ಇಲ್ಲ, ಅನುಭವಿಸುವವರು ಕೆಳಗಿನವರು. ಬಾಡಿಗೆಗೆ ಕೊಟ್ಟವರು ಕೆಳಮನೆಯವರ ದೂರನ್ನು ಅಲಕ್ಷ್ಯ ಮಾಡಬೇಡಿ.

## ಹಂತ 3: ಕಿವಿ ಕೊಟ್ಟು ಕೇಳಿ

ರಾತ್ರಿ ಎಲ್ಲರೂ ಮಲಗಿದ ಮೇಲೆ, ಫ್ಯಾನ್ ಆರಿಸಿ, ಕೆಳಗಿನ ಬಾತ್‌ರೂಮಿನಲ್ಲಿ ನಿಲ್ಲಿ. ಇನ್ನೊಬ್ಬರು ಮೇಲೆ ಫ್ಲಶ್ ಮಾಡಲಿ. ನೀರು ಸರ್ರನೆ ಇಳಿದು ಹೋದ ಸದ್ದು ಬಂದರೆ ಸರಿ. ನೀರು ಹೋದ ಮೇಲೂ ಜಾಲಿಯಲ್ಲಿ ಗೊಳಗೊಳ ಎಂದರೆ, ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ ನಿಮ್ಮ ಟ್ರ್ಯಾಪ್ ಮೂಲಕ ದಾರಿ ಹುಡುಕುತ್ತಿದೆ ಎಂದು ಅರ್ಥ.

ಇದಕ್ಕೆ ಎರಡು ಕಾರಣ ಇರಬಹುದು. ಮುಂದೆ ಲೈನ್ ಅರ್ಧ ಕಟ್ಟಿರಬಹುದು. ಇಲ್ಲವೇ ತಾರಸಿಯ ಮೇಲಿನ ವೆಂಟ್ ಪೈಪ್, ಅಂದರೆ ಲೈನಿಗೆ ಗಾಳಿಯಾಡಲು ಬಿಟ್ಟ ಪೈಪು, ಮುಚ್ಚಿರಬಹುದು. ಎರಡನೆಯದನ್ನು ಮೊದಲು ನೋಡಿ, ಅದು ಸುಲಭ. ಮೇಲೆ ಹತ್ತಿ ನೋಡಿದರೆ ಪಾರಿವಾಳದ ಗೂಡು ಕಾಣಬಹುದು. ಅಥವಾ ಇನ್ನೊಂದು ಮಹಡಿ ಕಟ್ಟುವಾಗ ಪೈಪನ್ನು ಕೊಯ್ದು ಅಲ್ಲಿಗೇ ಮುಚ್ಚಿರಬಹುದು. ಮಹಡಿ ಏರಿಸಿದ ಮೇಲೆ ಗೊಳಗೊಳ ಶುರುವಾಯಿತು ಎನ್ನುವವರು ಇದನ್ನೇ ಮೊದಲು ನೋಡಬೇಕು. ವೆಂಟ್ ಪೈಪಿನ ತುದಿ ತೆರೆದೇ ಇರಬೇಕು, ಮೇಲೆ ಜಾಲರಿಯ ಟೋಪಿ ಇದ್ದರೆ ಸಾಕು.

## ಹಂತ 4: ವಾಸನೆಯ ಪರೀಕ್ಷೆ

ವಾಸನೆ ಬಂದ ಕೂಡಲೇ ಲೈನ್ ಒಡೆದಿದೆ ಎಂದು ಹೆದರಬೇಡಿ. ಟ್ರ್ಯಾಪ್‌ನಲ್ಲಿ ಸುಮಾರು 2 ಇಂಚು, ಅಂದರೆ 50 ಮಿಲಿಮೀಟರ್ ನೀರು ಸದಾ ನಿಂತಿರಬೇಕು. ಕೆಳಗಿನ ಗ್ಯಾಸ್ ಮೇಲೆ ಬಾರದಂತೆ ತಡೆಯುವುದು ಆ ನೀರೇ. ಬಳಸದ ಗೆಸ್ಟ್ ಬಾತ್‌ರೂಮ್, ಬಾಲ್ಕನಿಯ ಜಾಲಿ ಬೇಸಿಗೆಯಲ್ಲಿ ಒಣಗುತ್ತವೆ. ಆಗ ವಾಸನೆ ಮನೆಯೆಲ್ಲ ಹರಡುತ್ತದೆ.

ಪ್ರತಿ ಜಾಲಿಗೂ ಎರಡು ಚೊಂಬು ನೀರು ಹಾಕಿ, ಕಿಟಕಿ ತೆರೆದು ಒಂದು ಗಂಟೆ ಬಿಡಿ. ವಾಸನೆ ಹೋಯಿತಾ? ಹಾಗಿದ್ದರೆ ಒಣಗಿದ ಟ್ರ್ಯಾಪ್ ಅಷ್ಟೇ, ವಾರಕ್ಕೊಮ್ಮೆ ನೀರು ಹಾಕಿದರೆ ಸಾಕು. ಒಂದೇ ದಿನದಲ್ಲಿ ಮತ್ತೆ ವಾಸನೆ ಬಂದು, ಟಾರ್ಚ್ ಬಿಟ್ಟು ನೋಡಿದರೆ ಟ್ರ್ಯಾಪ್‌ನಲ್ಲಿ ನೀರೇ ಇಲ್ಲದಿದ್ದರೆ, ಯಾರೋ ಫ್ಲಶ್ ಮಾಡಿದಾಗ ಆ ನೀರನ್ನು ಲೈನ್ ಎಳೆದುಕೊಂಡಿದೆ. ಅದೂ ವೆಂಟ್ ಪೈಪಿನ ತೊಂದರೆಯೇ. ನೀರು ಇದ್ದಾಗಲೂ ವಾಸನೆ ಬಂದರೆ ಕಮೋಡ್‌ನ ಬುಡದ ಜಾಯಿಂಟ್ ನೋಡಿ. ಅಲ್ಲಿ ಸಿಮೆಂಟ್ ಬಿರುಕು ಬಿಟ್ಟಿರುತ್ತದೆ, ಸುತ್ತ ಒದ್ದೆ ಇರುತ್ತದೆ.

## ಹಂತ 5: ಚೇಂಬರ್ ತೆರೆಯಿರಿ, ಗೇಟಿನ ಕಡೆಯಿಂದ

ಇಡೀ ಪರೀಕ್ಷೆಯ ಜೀವ ಇಲ್ಲಿದೆ. ನಿಧಾನವಾಗಿ ಮಾಡಿ.

ಮಕ್ಕಳನ್ನು ಒಳಗೆ ಕಳುಹಿಸಿ. ಗ್ಲೌಸ್ ಹಾಕಿಕೊಂಡು 1ನೇ ಚೇಂಬರ್‌ನ ಮುಚ್ಚಳವನ್ನು ಹಾರೆಯಿಂದ ಒಂದು ಬದಿ ಎತ್ತಿ, ಪಕ್ಕಕ್ಕೆ ಸರಿಸಿ ದೂರ ನಿಲ್ಲಿ. ಹತ್ತು ನಿಮಿಷ ಗಾಳಿಯಾಡಲಿ. ಕೊಳೆತ ಮೊಟ್ಟೆಯ ವಾಸನೆ ಹೈಡ್ರೋಜನ್ ಸಲ್ಫೈಡ್‌ನದು. ಅದು ತುಂಬಾ ಜಾಸ್ತಿಯಾದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ವಾಸನೆ ಇಲ್ಲ ಎಂದ ಮಾತ್ರಕ್ಕೆ ಗ್ಯಾಸ್ ಇಲ್ಲ ಎಂದಲ್ಲ. ತಲೆ ಒಳಗೆ ಬಗ್ಗಿಸಬೇಡಿ, ನಿಂತಲ್ಲಿಂದಲೇ ಟಾರ್ಚ್ ಬಿಡಿ.

ಒಳಗೆ ಏನು ಕಾಣಬೇಕು? ನಡುವೆ ಅರ್ಧ ಪೈಪಿನ ಆಕಾರದ ಕಾಲುವೆ. ಅದರ ಎರಡೂ ಕಡೆ ಇಳಿಜಾರಾಗಿ ಸಿಮೆಂಟ್ ಮಾಡಿರುತ್ತಾರೆ. ಇದಕ್ಕೆ ಬೆಂಚಿಂಗ್ ಅನ್ನುತ್ತಾರೆ. ನೀರು ಕಾಲುವೆಯಲ್ಲಿ ಮಾತ್ರ ಹರಿಯಬೇಕು. ಬೆಂಚಿಂಗ್ ಒಣಗಿರಬೇಕು.

ಈಗ ನೋಡಿ:

1ನೇ ಚೇಂಬರ್ ತುಂಬಿ ನಿಂತಿದ್ದರೆ, ಕಟ್ಟಿರುವುದು ಗೇಟಿನಿಂದ ರಸ್ತೆಯ ಕಡೆಗೆ. ಮನೆಯೊಳಗೆ ಯಾರೂ ಏನೂ ಮಾಡಬೇಕಾಗಿಲ್ಲ. ಮೇಲಿನ ಮನೆಯವರಿಗೆ ನೀರು ಬಿಡಬೇಡಿ ಎಂದು ಹೇಳಿ, ನೇರ 8ನೇ ಹಂತಕ್ಕೆ ಹೋಗಿ.

1 ಖಾಲಿ, 2 ತುಂಬಿದೆ ಅಂದರೆ ಕಟ್ಟಿರುವುದು ಇವೆರಡರ ನಡುವೆ. ಹೀಗೇ ಹಿಂದಕ್ಕೆ ಹೋಗಿ. ತುಂಬಿದ ಚೇಂಬರ್‌ಗೂ ಖಾಲಿ ಚೇಂಬರ್‌ಗೂ ನಡುವಿನ ಪೈಪೇ ನಿಮಗೆ ಬೇಕಾದ ಜಾಗ.

ಎಲ್ಲವೂ ಖಾಲಿ, ಆದರೂ ಒಳಗೆ ನೀರು ನಿಲ್ಲುತ್ತದೆ ಅಂದರೆ ಬಾತ್‌ರೂಮ್ ಮತ್ತು ಚೇಂಬರ್ ನಡುವಿನ ಪೈಪು ಕಟ್ಟಿದೆ. ಈಗ ಪ್ಲಂಬರ್‌ನನ್ನು ಕರೆಯಬಹುದು, ಎಲ್ಲಿ ನೋಡಬೇಕು ಎಂದು ನೀವೇ ತೋರಿಸಬಹುದು.

ಇನ್ನು, ಎಲ್ಲ ಸರಿ ಇದ್ದ ಹಾಗೆ ಕಂಡರೂ ಬೆಂಚಿಂಗ್ ಮೇಲೆ ಟಾರ್ಚ್ ಬಿಟ್ಟು ನೋಡದೆ ಮುಚ್ಚಳ ಹಾಕಬೇಡಿ. ನಮ್ಮ ಮನೆಯಲ್ಲಿ ಗೊತ್ತಾಗಿದ್ದು ಹೀಗೆ. ಕಾಲುವೆಯಲ್ಲಿ ನೀರು ಚೆನ್ನಾಗಿಯೇ ಹರಿಯುತ್ತಿತ್ತು. ಆದರೆ ಕಾಲುವೆಯಿಂದ ನಾಲ್ಕು ಬೆರಳು ಮೇಲೆ, ಗೋಡೆಯ ಸುತ್ತ ಕಪ್ಪು ಜಿಡ್ಡಿನ ಒಂದು ಗೆರೆ. ಆ ಗೆರೆಗೆ ಒಂದು ಅನ್ನದ ಅಗುಳು, ಎರಡೆಳೆ ತೆಂಗಿನ ನಾರು ಅಂಟಿಕೊಂಡಿದ್ದವು. ನೀರು ಅಷ್ಟೆತ್ತರಕ್ಕೆ ಬಾರದೆ ಅವು ಅಲ್ಲಿಗೆ ಬರುವುದಿಲ್ಲ, ಅಲ್ವಾ? ಹಗಲು ಸರಿಯಾಗಿರುತ್ತಿದ್ದ ಲೈನ್ ಬೆಳಿಗ್ಗೆ ಎಲ್ಲರೂ ಸ್ನಾನ ಮಾಡುವ ಹೊತ್ತಿಗೆ ತುಂಬಿ, ಆಮೇಲೆ ನಿಧಾನವಾಗಿ ಇಳಿಯುತ್ತಿತ್ತು. ಅಷ್ಟರಲ್ಲಿ ನಾವು ಎರಡು ಸಲ ಬಾತ್‌ರೂಮಿನ ಟ್ರ್ಯಾಪ್ ಬದಲಾಯಿಸಿ ಆಗಿತ್ತು. ಆಮೇಲೆ ಅಗೆದು ನೋಡಿದರೆ ಹಳೆಯ ಜೇಡಿಮಣ್ಣಿನ ಪೈಪಿನ ಜಾಯಿಂಟ್‌ನಲ್ಲಿ ಪಕ್ಕದ ಅತ್ತಿ ಮರದ ಬೇರು ಜಡೆಯ ಹಾಗೆ ಒಳಗೆ ಇಳಿದಿತ್ತು.

ಹರಿವಿನ ಪರೀಕ್ಷೆಯನ್ನೂ ಮಾಡಿ. ಒಂದು ಬಕೆಟ್ ನೀರಿಗೆ ಬಣ್ಣ ಕಲಸಿ ಕಮೋಡ್‌ಗೆ ಒಮ್ಮೆಗೇ ಸುರಿಯಿರಿ. ಹೊರಗಿನವರು ಚೇಂಬರ್‌ನಲ್ಲಿ ಬಣ್ಣ ಕಾಣಿಸಲು ಎಷ್ಟು ಹೊತ್ತು ಬೇಕಾಯಿತು ಎಂದು ಎಣಿಸಲಿ. ಒಂದೊಂದಾಗಿ ಎಲ್ಲ ಬಾತ್‌ರೂಮ್‌ಗೂ ಮಾಡಿ. ಬರೆದಿಟ್ಟುಕೊಂಡ ಈ ಲೆಕ್ಕ ಆರು ತಿಂಗಳ ನಂತರ ಮತ್ತೆ ನೋಡುವಾಗ ಬಹಳ ಉಪಯೋಗಕ್ಕೆ ಬರುತ್ತದೆ. ಬಣ್ಣ ಬಂದ ಮೇಲೆ ಕಾಲುವೆಯಲ್ಲಿ ಬಣ್ಣದ ನೀರು ಹಾಗೇ ನಿಂತರೆ ಇಳಿಜಾರು ಸಾಲದು. 4 ಇಂಚಿನ ಪೈಪಿಗೆ 10 ಅಡಿಗೆ ಸುಮಾರು 3 ಇಂಚು ಇಳಿಜಾರು ಬೇಕು. ಮಣ್ಣು ಕುಸಿದು ಪೈಪು ಒಂದು ಕಡೆ ಬಗ್ಗಿದರೂ ಹೀಗೇ ಆಗುತ್ತದೆ.

ನೋಡಿದ ಕೂಡಲೇ ಮುಚ್ಚಳ ಹಾಕಿ, ಅಲುಗದಂತೆ ಕೂರಿಸಿ. "ಆಮೇಲೆ ಹಾಕೋಣ" ಬೇಡ.

## ಹಂತ 6: ನೆಲ, ಗೋಡೆ, ಗಿಡ

ಪೈಪು ಕಟ್ಟುವುದು ಬೇರೆ, ಒಡೆದು ಸೋರುವುದು ಬೇರೆ. ಸೋರುವ ಪೈಪಿನಲ್ಲಿ ನೀರು ಚೆನ್ನಾಗಿಯೇ ಹೋಗುತ್ತದೆ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಇದನ್ನು ನೋಡಲು ಮಾರ್ಚ್, ಏಪ್ರಿಲ್ ಒಳ್ಳೆಯ ಕಾಲ. ಸುತ್ತಲಿನ ಮಣ್ಣೆಲ್ಲ ಒಣಗಿ, ಲೈನ್ ಹೋದ ದಾರಿಯಲ್ಲಿ ಒಂದು ಕಡೆ ಮಾತ್ರ ಒದ್ದೆ ಇದ್ದರೆ ಅನುಮಾನ ಪಡಿ. ಅಲ್ಲೊಂದು ಕಡೆ ಮಾತ್ರ ಹುಲ್ಲು ಹಸಿರಾಗಿ ಸೊಂಪಾಗಿದ್ದರೂ ಅಷ್ಟೇ.

ಓಣಿಯ ಟೈಲ್ಸ್ ಒಂದೆರಡು ಕುಸಿದಿವೆಯಾ? ಕಾಲಿನಿಂದ ತಟ್ಟಿದರೆ ಡೊಳ್ಳು ಸದ್ದು ಬರುತ್ತದಾ? ಒಡೆದ ಪೈಪಿನ ಸುತ್ತ ಮಣ್ಣು ಕರಗಿ ಪೈಪಿನೊಳಗೆ ಹೋಗುತ್ತಿರುತ್ತದೆ. ಹೆಗ್ಗಣದ ಬಿಲ ಚೇಂಬರ್ ಪಕ್ಕದಲ್ಲೇ ಇದ್ದರೆ ಚೇಂಬರ್ ಗೋಡೆಯನ್ನು ಒಳಗಿನಿಂದ ಟಾರ್ಚ್ ಬಿಟ್ಟು ನೋಡಿ. ಜಿರಳೆ ಒಂದೇ ಬಾತ್‌ರೂಮಿನಲ್ಲಿ ಜಾಸ್ತಿಯಾದರೆ ಅಲ್ಲಿನ ಟ್ರ್ಯಾಪ್ ನೋಡಿ.

ಗೋಡೆಯ ಹೊರಗಿನ ಪೈಪುಗಳನ್ನು ಕೆಳಗಿನಿಂದ ಮೇಲಿನವರೆಗೆ ಕಣ್ಣಾಡಿಸಿ. ಜಾಯಿಂಟ್ ಹತ್ತಿರ ಅರಳಿ ಸಸಿ ಹುಟ್ಟಿದ್ದರೆ ಅಲ್ಲಿ ತೇವ ಸಿಗುತ್ತಿದೆ ಎಂದೇ ತಿಳಿಯಿರಿ. ಸಸಿ ಕಿತ್ತು ಸುಮ್ನೆ ಬಿಟ್ಟರೆ ಮತ್ತೆ ಬರುತ್ತದೆ. ಬೇರು ತೆಗೆದು, ಜಾಯಿಂಟ್ ಸರಿಮಾಡಿಸಬೇಕು.

## ಹಂತ 7: ಸಂಪು ಮರೆಯಬೇಡಿ

ಎಲ್ಲಕ್ಕಿಂತ ಹೆಚ್ಚು ನನಗೆ ಚಿಂತೆ ಇದರದ್ದೇ. 30x40 ಸೈಟಿನಲ್ಲಿ ಸಂಪು, ಚೇಂಬರ್ ಎರಡೂ ಗೇಟಿನ ಹತ್ತಿರವೇ ಇರುತ್ತವೆ. ನಡುವೆ ಕೆಲವೇ ಅಡಿ ಮಣ್ಣು. ಲೈನ್ ಸೋರಿ, ಸಂಪಿನ ಗೋಡೆಯಲ್ಲೂ ಬಿರುಕು ಇದ್ದರೆ ಕೊಳಚೆ ಕುಡಿಯುವ ನೀರಿಗೆ ಸೇರುತ್ತದೆ. ಸಂಪಿನಲ್ಲಿ ನೀರು ಕಡಿಮೆಯಾದಾಗ ಹೊರಗಿನ ನೀರು ಒಳಗೆ ಬರುವುದು ಜಾಸ್ತಿ.

ಸಂಪು ಅರ್ಧಕ್ಕಿಂತ ಖಾಲಿಯಾದಾಗ ಮುಚ್ಚಳ ತೆಗೆದು, ಮೇಲಿನಿಂದಲೇ ಟಾರ್ಚ್ ಬಿಟ್ಟು ಚೇಂಬರ್ ಕಡೆಯ ಗೋಡೆ ನೋಡಿ. ತೇವದ ಕಲೆ, ನೀರು ಜಿನುಗಿದ ಗೆರೆ, ನೀರಿನ ಮೇಲೆ ನೊರೆ, ವಾಸನೆ, ಯಾವುದಿದ್ದರೂ ಅದೇ ದಿನ ಆ ನೀರನ್ನು ಕುಡಿಯಲು, ಅಡುಗೆಗೆ, ಹಲ್ಲುಜ್ಜಲು ನಿಲ್ಲಿಸಿ. ಮನೆಯಲ್ಲಿ ಒಬ್ಬರ ನಂತರ ಒಬ್ಬರಿಗೆ ಹೊಟ್ಟೆ ಕೆಟ್ಟರೂ ಸಂಪನ್ನು ನೋಡಿ.

ಎಚ್2ಎಸ್ ಬಾಟಲಿ ಎಂಬ ಸಣ್ಣ ಪರೀಕ್ಷಾ ಬಾಟಲಿ ಸಿಗುತ್ತದೆ. ಅದರಲ್ಲಿ ಗುರುತಿನವರೆಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ 24ರಿಂದ 48 ಗಂಟೆ ಇಡಬೇಕು. ನೀರು ಕಪ್ಪಾದರೆ ಮಲದ ಸೋಂಕು ಇರಬಹುದು ಎಂದರ್ಥ. ಕಪ್ಪಾಗದಿದ್ದರೂ ಅನುಮಾನ ಉಳಿದಿದ್ದರೆ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿ. ಆಮೇಲಿನ ಕ್ರಮ ತಪ್ಪಬೇಡಿ. ಮೊದಲು ಲೈನ್ ಸರಿಮಾಡಿಸಿ, ನಂತರ ಸಂಪಿನ ಬಿರುಕು, ಕೊನೆಗೆ ಸಂಪು ಮತ್ತು ಮೇಲಿನ ಟ್ಯಾಂಕ್ ತೊಳೆಸಿ ಕ್ಲೋರಿನ್ ಹಾಕಿಸಿ. ಸಂಪು ತೊಳೆಸಿ ಲೈನ್ ಬಿಟ್ಟರೆ ವಾರದಲ್ಲಿ ಮತ್ತೆ ಅದೇ ನೀರು.

## ಹಂತ 8: ಯಾರನ್ನು ಕರೆಯಬೇಕು, ಏನು ಹೇಳಬೇಕು

ರಸ್ತೆಯ ಕಡೆ ಕಟ್ಟಿದ್ದರೆ ಬೆಂಗಳೂರಿನಲ್ಲಿ ಜಲಮಂಡಳಿಯ 1916ಕ್ಕೆ ಫೋನ್ ಮಾಡಿ. ಬೇರೆ ಊರುಗಳಲ್ಲಿ ಪಾಲಿಕೆ, ನಗರಸಭೆ ಅಥವಾ ಪುರಸಭೆಯ ಯುಜಿಡಿ ವಿಭಾಗಕ್ಕೆ ಹೇಳಿ. "ನೀರು ಹೋಗ್ತಿಲ್ಲ" ಎನ್ನಬೇಡಿ. "ಮನೆಯ ಕೊನೆಯ ಚೇಂಬರ್ ತುಂಬಿ ನಿಂತಿದೆ, ರಸ್ತೆಯ ಮ್ಯಾನ್‌ಹೋಲ್ ಕಡೆ ಬ್ಲಾಕ್ ಆಗಿದೆ" ಎಂದು ಹೇಳಿ. ಪಕ್ಕದ ಮನೆಯವರಿಗೂ ಹಾಗೇ ಆಗಿದೆಯಾ ಕೇಳಿ, ಆಗಿದ್ದರೆ ಅದನ್ನೂ ಸೇರಿಸಿ. ದೂರಿನ ನಂಬರ್ ಬರೆದುಕೊಳ್ಳಿ.

ಕಾಂಪೌಂಡ್ ಒಳಗಿನದು ನಮ್ಮ ಜವಾಬ್ದಾರಿ. ಜೆಟ್ಟಿಂಗ್ ಮಷೀನ್ (ಜೋರಾಗಿ ನೀರು ಹೊಡೆದು ಪೈಪು ಬಿಡಿಸುವ ಯಂತ್ರ) ಇರುವವರನ್ನು ಕರೆಸಿ. ಪದೇ ಪದೇ ಒಂದೇ ಕಡೆ ಕಟ್ಟುತ್ತಿದ್ದರೆ ಪೈಪಿನೊಳಗೆ ಕ್ಯಾಮೆರಾ ಬಿಟ್ಟು ನೋಡುವವರನ್ನು ಕೇಳಿ. ಅಂದಾಜಿನಲ್ಲಿ ಇಡೀ ಓಣಿ ಅಗೆಯುವುದಕ್ಕಿಂತ ಅದು ಎಷ್ಟೋ ಮೇಲು.

ಯಾರನ್ನೂ ಮ್ಯಾನ್‌ಹೋಲ್‌ಗಾಗಲಿ ಗುಂಡಿಗಾಗಲಿ ಇಳಿಸಬೇಡಿ. ಅವರಾಗಿಯೇ ಇಳಿಯುತ್ತೇನೆ ಎಂದರೂ ಬಿಡಬೇಡಿ. ಒಳಗಿನ ಗ್ಯಾಸ್‌ಗೆ ಒಬ್ಬರು ಬಿದ್ದರೆ, ಎತ್ತಲು ಹೋದವರೂ ಬೀಳುತ್ತಾರೆ. ಹೀಗೆ ಜೀವ ಹೋದ ಮನೆಗಳು ನಮ್ಮ ರಾಜ್ಯದಲ್ಲೇ ಇವೆ. 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆಯ ಪ್ರಕಾರ ರಕ್ಷಣೆಯಿಲ್ಲದೆ ಹೀಗೆ ಕೆಲಸ ಮಾಡಿಸಿದವರಿಗೆ ಮೊದಲ ಸಲವೇ 2 ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಕಾಯ್ದೆ ಇರಲಿ ಬಿಡಲಿ, ನಮ್ಮ ಮನೆಯ ಕೊಳಚೆಗೆ ಇನ್ನೊಬ್ಬರ ಜೀವ ಒತ್ತೆ ಇಡುವುದು ತಪ್ಪು.

## ಗುಂಡಿ ಅಥವಾ ಸೆಪ್ಟಿಕ್ ಟ್ಯಾಂಕ್ ಇರುವ ಮನೆಗಳಲ್ಲಿ

1ರಿಂದ 4ನೇ ಹಂತ ಇಲ್ಲೂ ಹಾಗೇ. ಇಡೀ ಮನೆಯ ನೀರು ನಿಧಾನವಾದರೆ, ಟ್ಯಾಂಕಿನ ಸುತ್ತ ಮಣ್ಣು ಒದ್ದೆಯಾದರೆ, ಮಳೆಗಾಲದಲ್ಲಿ ಮಾತ್ರ ಫ್ಲಶ್ ಹೋಗದಿದ್ದರೆ ಟ್ಯಾಂಕ್ ತುಂಬಿರಬಹುದು ಅಥವಾ ಇಂಗುಗುಂಡಿ ನೀರು ಎಳೆಯುತ್ತಿಲ್ಲ. ಸೆಪ್ಟಿಕ್ ಟ್ಯಾಂಕನ್ನು 2–3 ವರ್ಷಕ್ಕೊಮ್ಮೆ ಸಕ್ಕಿಂಗ್ ಮಷೀನ್‌ನಿಂದ ಖಾಲಿ ಮಾಡಿಸಬೇಕು, ಉಕ್ಕುವವರೆಗೆ ಕಾಯಬಾರದು. ಹತ್ತಿರ ಬಾವಿ ಅಥವಾ ಬೋರ್‌ವೆಲ್ ಇದ್ದರೆ ಸಂಪಿಗೆ ಹೇಳಿದ ಪರೀಕ್ಷೆಯನ್ನೇ ಆ ನೀರಿಗೂ ಮಾಡಿ.

## ಪದೇ ಪದೇ ಆಗುವ ತಪ್ಪುಗಳು

ಆಸಿಡ್ ಮೇಲೆ ಬ್ಲೀಚಿಂಗ್ ಪುಡಿ. ಟಾಯ್ಲೆಟ್ ಕ್ಲೀನರ್‌ನಲ್ಲೂ ಸಾಮಾನ್ಯವಾಗಿ ಆಸಿಡ್ ಇರುತ್ತದೆ. ಅದಕ್ಕೆ ಬ್ಲೀಚಿಂಗ್ ಪುಡಿ ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ. ಬಾಗಿಲು ಮುಚ್ಚಿದ ಬಾತ್‌ರೂಮಿನಲ್ಲಿ ಅದು ಪ್ರಾಣಕ್ಕೇ ಅಪಾಯ. ಪೈಪು ಬಿಡಿಸಲು ಹಾಕುವ ಪುಡಿ ಹೆಚ್ಚಾಗಿ ಕಾಸ್ಟಿಕ್ ಸೋಡಾ, ನೀರು ತಗುಲಿದರೆ ವಿಪರೀತ ಕಾಯುತ್ತದೆ. ಪುಡಿ ಹಾಕಿದ ಪೈಪಿಗೆ ಆಸಿಡ್ ಸುರಿದರೆ ಮುಖಕ್ಕೇ ಸಿಡಿಯುತ್ತದೆ. ನೀವು ಏನಾದರೂ ಹಾಕಿದ್ದರೆ ಬಂದ ಪ್ಲಂಬರ್‌ಗೆ ಮೊದಲೇ ಹೇಳಿ, ಅವರ ಕೈ ಕಣ್ಣು ಉಳಿಯಲಿ.

ಮಳೆನೀರಿನ ಪೈಪನ್ನು ಚೇಂಬರ್‌ಗೆ ಬಿಡುವುದು. ಯುಜಿಡಿ ಪೈಪು ಮಳೆಯ ನೀರಿಗೆಂದು ಹಾಕಿದ್ದಲ್ಲ. ಬೀದಿಯ ಎಲ್ಲ ಮನೆಗಳೂ ಹೀಗೆ ಮಾಡಿದರೆ ದೊಡ್ಡ ಮಳೆಗೆ ಲೈನ್ ತುಂಬಿ, ತಗ್ಗಿನ ಮನೆಯ ಜಾಲಿಯಿಂದ ಕೊಳಚೆ ಉಕ್ಕುತ್ತದೆ. ತಾರಸಿಯ ಪೈಪನ್ನು ಮಳೆಕೊಯ್ಲಿಗೋ ಇಂಗುಗುಂಡಿಗೋ ತಿರುಗಿಸಿ. ನಿಮ್ಮದೇ ತಗ್ಗಿನ ಮನೆಯಾದರೆ ಕೊನೆಯ ಚೇಂಬರ್ ಹತ್ತಿರ ನಾನ್ ರಿಟರ್ನ್ ವಾಲ್ವ್ (ಹೋದ ನೀರು ವಾಪಸ್ ಬಾರದಂತೆ ತಡೆಯುವ ವಾಲ್ವ್) ಹಾಕಿಸಿ. ಅದನ್ನು ಆಗಾಗ ತೊಳೆಸುತ್ತಿರಬೇಕು, ಕಸ ಸಿಕ್ಕಿಕೊಂಡರೆ ಅದೇ ಒಂದು ಬ್ಲಾಕ್.

ಟೈಲ್ಸ್ ಕೆಲಸದ ಸಿಮೆಂಟ್ ನೀರು. ಬಾತ್‌ರೂಮ್ ಹೊಸದಾಗಿ ಮಾಡಿಸಿದ ಮೇಲೆ ತೊಂದರೆ ಶುರುವಾಯಿತು ಅಂದರೆ ಗಾರೆ ತೊಳೆದ ನೀರು ಜಾಲಿಗೆ ಹೋಗಿ ಪೈಪಿನಲ್ಲಿ ಗಟ್ಟಿಯಾಗಿರಬಹುದು. ಕೆಲಸ ನಡೆಯುವಷ್ಟು ದಿನ ಜಾಲಿಗೆ ಬಟ್ಟೆ ಗಿಡಿದು, ಮೇಲೆ ಹಲಗೆ ಮುಚ್ಚಿಸಿ.

ಕರಿದ ಎಣ್ಣೆ ಸಿಂಕಿಗೆ, ಪ್ಯಾಡ್ ಮತ್ತು ಒದ್ದೆ ವೈಪ್ಸ್ ಕಮೋಡ್‌ಗೆ. ವೈಪ್ಸ್ ಪೊಟ್ಟಣದ ಮೇಲೆ ಫ್ಲಶ್ ಮಾಡಬಹುದು ಎಂದು ಬರೆದಿದ್ದರೂ ಬೇಡ. ಕಾಗದದಂತೆ ಅದು ಕರಗುವುದಿಲ್ಲ.

ಬಿದಿರಿನ ದಬ್ಬೆಯಿಂದ ಜೋರಾಗಿ ಗುದ್ದುವುದು. ಹಳೆಯ ಜೇಡಿಮಣ್ಣಿನ ಪೈಪಿನಲ್ಲಿ ಇದು ಜಾಯಿಂಟ್ ಒಡೆಯುತ್ತದೆ. ನೀರು ಹೋಗತೊಡಗುತ್ತದೆ, ಸೋರುವುದೂ ಶುರುವಾಗುತ್ತದೆ.

## ಹಂತ 9: ಕೆಲಸ ಮುಗಿದ ಮೇಲೆ, ದುಡ್ಡು ಕೊಡುವ ಮೊದಲು

ಎರಡು ಚೇಂಬರ್ ಮುಚ್ಚಳ ತೆರೆದೇ ಇರಲಿ. ಮೇಲಿನ ಮನೆಯಿಂದಲೂ ಕೆಳಗಿನಿಂದಲೂ ಒಟ್ಟಿಗೆ ಎರಡೆರಡು ಬಕೆಟ್ ನೀರು ಬಿಡಿಸಿ. ನೀರು ಕಾಲುವೆ ದಾಟಿ ಬೆಂಚಿಂಗ್ ಏರಬಾರದು. ಕೆಳಗಿನ ಜಾಲಿಯಲ್ಲಿ ಒಂದು ಗುಳ್ಳೆಯೂ ಬರಬಾರದು. ಆಮೇಲೆ ಬೆಂಚಿಂಗ್ ಮತ್ತು ಗೋಡೆಯನ್ನು ನೀರು ಹೊಡೆದು ತೊಳೆಸಿ, ಹಳೆಯ ಜಿಡ್ಡಿನ ಗೆರೆ ಉಳಿಯದಿರಲಿ. ಒಂದು ವಾರ ಬಿಟ್ಟು, ಬೆಳಿಗ್ಗೆ ಎಲ್ಲರ ಸ್ನಾನ ಆದ ಹೊತ್ತಿಗೆ 1ನೇ ಚೇಂಬರ್‌ನ ಮುಚ್ಚಳ ತೆಗೆದು ನೋಡಿ. ಗೋಡೆಯ ಮೇಲೆ ಹೊಸ ಗೆರೆ ಬಂದಿದ್ದರೆ ಕೆಲಸ ಮಾಡಿದವರನ್ನು ಅವತ್ತೇ ವಾಪಸ್ ಕರೆಸಿ.